ಅಪ್ಪ ನೆಡದ ಆಲದ ಮರ

ಆಟ ಎಂದ ಮೇಲೆ ನಿಯಮ ಬೇಕು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಹಳೆಯ ನಿಯಮವೇ ಸರಿಯಾದದ್ದು, ಆಮೇಲೆ ಬಂದವರು ಕೆಡಿಸಿಟ್ಟರು ಎನ್ನುವವರ ಜೊತೆ ಇದೆ. ಈ ಮಾತನ್ನು ನಾವು ಹೆಂಗಸರು ಅಡುಗೆಮನೆಯಲ್ಲಿ ಕೇಳಿದ್ದೇವೆ, ಮದುವೆಮನೆಯಲ್ಲಿ ಕೇಳಿದ್ದೇವೆ, ಮಡಿ ಮೈಲಿಗೆಯ ಮಾತು ಬಂದಾಗಲಂತೂ ಕಿವಿ ತೂತಾಗುವಷ್ಟು ಕೇಳಿದ್ದೇವೆ. ಈಗ ಮೇಜಿನ ಸುತ್ತ ಕುಳಿತು ಆಡುವ ಒಂದು ಆಟದ ವಿಷಯದಲ್ಲೂ ಅದೇ ರಾಗ ಕೇಳಿದ ಮೇಲೆ ಸುಮ್ಮನಿರಲಾಗದೆ ಬರೆಯಲು ಕುಳಿತಿದ್ದೇನೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಹೊರಟದ್ದು. ಕಟ್ಟಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಇದು ಹೇಗಿರುತ್ತದೆ ಎಂದು ಕೇಳಿದರೆ, ನಮ್ಮ ತಾಳಮದ್ದಲೆಯನ್ನು ನೆನೆಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ನಾಲ್ಕಾರು ಜನ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಹೊತ್ತಿಗೆ ತೋಚಿದ ಮಾತಾಡುತ್ತಾರೆ. ಭಾಗವತರ ಜಾಗದಲ್ಲಿ ಆಟ ನಡೆಸುವವರೊಬ್ಬರು ಇರುತ್ತಾರೆ. ಕಾಡು, ಕೋಟೆ, ರಾಕ್ಷಸರನ್ನೆಲ್ಲ ಬಣ್ಣಿಸುವ ಕೆಲಸ ಅವರದು. ಆದರೆ ತಾಳಮದ್ದಲೆಯಲ್ಲಿ ಕರ್ಣ ಸೋಲುತ್ತಾನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ದಾಳ ಹೇಳುತ್ತದೆ. ದಾಳಕ್ಕೆ ಎಷ್ಟು ಹೇಳುವ ಅಧಿಕಾರವಿದೆ ಎಂಬುದನ್ನು ನಿಯಮದ ಪುಸ್ತಕ ಹೇಳುತ್ತದೆ. ಆ ಪುಸ್ತಕಕ್ಕೆ ಐವತ್ತು ವರ್ಷಗಳಲ್ಲಿ ಹಲವು ಆವೃತ್ತಿಗಳು ಬಂದಿವೆ, ಯಾವುದು ಮೇಲು ಎಂಬ ವಾದವೂ ಅಂದಿನಿಂದ ನಡೆದೇ ಇದೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಭಾನುವಾರಗಳಂದು ಗೆಳೆಯ ಗೆಳತಿಯರ ಜೊತೆ ಇದನ್ನು ಆಡುತ್ತಾಳೆ. ಅವರ ಗುಂಪಿನ ಒಬ್ಬ ಹುಡುಗ ಹಳೆಯ ಪುಸ್ತಕವೊಂದನ್ನು ತಂದು, ಇನ್ನು ಮೇಲೆ ಇದರಂತೆ ಆಡೋಣ, ಇದೇ ಅಸಲಿ ಆಟ ಎಂದನಂತೆ. ಮಗಳು ಪುಟ ತಿರುವುತ್ತಿದ್ದಾಗ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಹಬ್ಬಕ್ಕೆ ಊರಿಗೆ ಬಂದವಳು ನನಗೂ ಅದನ್ನು ತೋರಿಸಿದಳು. "ನೋಡಮ್ಮಾ, ನನ್ನ ಪಾತ್ರ ಹೆಣ್ಣಾದರೆ ಇಷ್ಟಕ್ಕಿಂತ ಹೆಚ್ಚು ಶಕ್ತಿ ಇರೋ ಹಾಗಿಲ್ಲವಂತೆ" ಎಂದಳು.

ಆ ಪುಸ್ತಕ 1978ರ ಆವೃತ್ತಿಯದು, ಬರೆದವರು ಗೈಗ್ಯಾಕ್ಸ್. ಪಾತ್ರದ ಬಲವನ್ನು ಗೊತ್ತುಮಾಡಲು ಮಾಮೂಲು ಆರು ಮುಖದ ಮೂರು ದಾಳ ಹಾಕಿದರೆ ಹೆಚ್ಚೆಂದರೆ 18 ಬೀಳುತ್ತದೆ. ಯೋಧರ ಪಾತ್ರಕ್ಕೆ 18 ಬಿದ್ದರೆ ಇನ್ನೊಮ್ಮೆ ನೂರರ ಲೆಕ್ಕದ ದಾಳ ಹಾಕಬೇಕು. ಮನುಷ್ಯರಲ್ಲಿ ಗಂಡಾದರೆ ನೂರರವರೆಗೂ ಹೋಗಬಹುದು, ಹೆಣ್ಣಾದರೆ 50ಕ್ಕೆ ನಿಲ್ಲಬೇಕು. ಪೂರ್ತಿ ನೂರು ಪಡೆದ ಗಂಡಿನ ಒಂದೊಂದು ಏಟಿಗೆ 6 ಅಂಕ ಸೇರುತ್ತದೆ. ಹೆಣ್ಣಿನ ಮೇಲ್ಮಿತಿಯಲ್ಲಿ ಸೇರುವುದು 3. ಎಲ್ಫ್ ಎಂಬ ಕಾಡಿನ ಜನರಲ್ಲಿ ಗಂಡು 18ನ್ನೂ ದಾಟಬಹುದು, ಹೆಣ್ಣಿಗೆ 16 ಕೊನೆ. ಹಾಫ್ಲಿಂಗ್ ಎಂಬ ಕುಳ್ಳ ಜನರಲ್ಲಿ ಗಂಡಿಗೆ 17, ಹೆಣ್ಣಿಗೆ 14. ಇದಕ್ಕೂ ಎರಡು ವರ್ಷ ಮೊದಲು, 1976ರಲ್ಲಿ, ಇದೇ ಆಟದ ಪತ್ರಿಕೆ ‘ದಿ ಡ್ರ್ಯಾಗನ್’ನಲ್ಲಿ ಒಬ್ಬರು ಲೇಖನ ಬರೆದು ಹೆಣ್ಣು ಪಾತ್ರಗಳಿಗೆ ವರ್ಚಸ್ಸಿನ ಅಂಕದ ಬದಲು ಸೌಂದರ್ಯದ ಅಂಕ ಇರಲಿ ಎಂದಿದ್ದರು. ನಾಯಕತ್ವ ಗಂಡಿಗೆ, ಮುಖದ ಕಾಂತಿ ಹೆಣ್ಣಿಗೆ! ಹೆಣ್ಣು ನೋಡಲು ಬಂದವರ ಪ್ರಶ್ನೆಗಳು ಕಡಲಾಚೆಯೂ ಬೇರೆಯೇನಲ್ಲ ಎಂದು ನನಗೆ ನಗು ಬಂತು.

ಇದನ್ನು ಸಮರ್ಥಿಸುವವರ ಮೊದಲ ಮಾತು, ವಾಸ್ತವ ಹಾಗೇ ಇದೆಯಲ್ಲ, ಗಂಡಸರ ತೋಳು ಗಟ್ಟಿ ತಾನೆ ಎಂಬುದು. ಸ್ವಾಮಿ, ಅದೇ ಪುಸ್ತಕದಲ್ಲಿ ಮಂತ್ರವಾದಿ ಬೆರಳು ತೋರಿಸಿದರೆ ಬೆಂಕಿಯುಂಡೆ ಹಾರುತ್ತದೆ. ಮನೆಯಷ್ಟು ದೊಡ್ಡ ಹಾವು ರೆಕ್ಕೆ ಬಡಿದು ಹಾರುತ್ತದೆ, ಉಗುಳಿದರೆ ಊರು ಸುಡುತ್ತದೆ. ಸತ್ತವರನ್ನು ಎಬ್ಬಿಸುವ ಮಂತ್ರವಿದೆ. ಇಷ್ಟೆಲ್ಲಕ್ಕೂ ಬಾಗಿಲು ತೆರೆದಿಟ್ಟು, ಒಬ್ಬ ಹೆಂಗಸು ಒಬ್ಬ ಗಂಡಸಿನಷ್ಟೇ ಬಲವಾಗಿ ಕತ್ತಿ ಬೀಸಿದಳು ಎಂದಾಗ ಮಾತ್ರ ವಾಸ್ತವ ನೆನಪಾಯಿತೆ?

ಎರಡನೆಯ ಮಾತು ಇನ್ನೂ ಜಾಣತನದ್ದು. ಅಷ್ಟು ಎತ್ತರದ ಅಂಕ ಬೀಳುವುದೇ ಅಪರೂಪ, ಸಣ್ಣ ವಿಷಯಕ್ಕೆ ಯಾಕೆ ರಂಪ ಎನ್ನುತ್ತಾರೆ. ಲೆಕ್ಕ ಹಾಕೋಣ, ಸಂಸಾರದ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟವಲ್ಲ. ಮೂರು ದಾಳಗಳಲ್ಲಿ 18 ಬೀಳುವುದು 216 ಸಲಕ್ಕೆ ಒಮ್ಮೆ. ಅದರಲ್ಲೂ ನೂರರ ದಾಳ 50ನ್ನು ದಾಟುವುದು ಅರ್ಧ ಸಲ. ಅಂದರೆ ಈ ಮಿತಿ ಮನುಷ್ಯ ಯೋಧರ ಪಾತ್ರದಲ್ಲಿ ಅಡ್ಡ ಬರುವುದು 432 ಸಲಕ್ಕೆ ಒಮ್ಮೆ. ಸರಿ, ಅಪರೂಪವೇ. ಹಾಗಾದರೆ ಅದನ್ನು ಬರೆದದ್ದಾದರೂ ಏಕೆ? 432 ಸಲಕ್ಕೊಮ್ಮೆ ಬರುವ ಸಂದರ್ಭಕ್ಕಾಗಿ ಪಟ್ಟಿಯಲ್ಲಿ ಹೆಣ್ಣು ಗಂಡಿಗೆ ಬೇರೆ ಬೇರೆ ಅಂಕ ಬರೆದಿಟ್ಟರೆ, ಅದು ಆಟಕ್ಕಿಂತ ಹೆಚ್ಚಾಗಿ ಬೋರ್ಡಿನ ಕೆಲಸ ಮಾಡುತ್ತದೆ. ಬಾಗಿಲಲ್ಲಿ ಬೋರ್ಡು ಓದಿದ ಹುಡುಗಿ ದಾಳ ಮುಟ್ಟುವ ಮೊದಲೇ ತನ್ನ ಜಾಗ ಯಾವುದೆಂದು ತಿಳಿದುಕೊಳ್ಳುತ್ತಾಳೆ.

ಇನ್ನು ಆ ಹುಡುಗ ಹೇಳಿದ ‘ಅಸಲಿ’ಯ ವಿಚಾರಕ್ಕೆ ಬರುತ್ತೇನೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಂಡರಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ತಮಾಷೆಯೆಂದರೆ, ಈ ಆಲದ ಮರವನ್ನು ಅಪ್ಪ ನೆಟ್ಟೇ ಇಲ್ಲ. 1974ರ ಮೂಲ ಆಟ ಮೂರು ಸಣ್ಣ ಪುಸ್ತಿಕೆಗಳಲ್ಲಿ ಬಂತು. ಮೊದಲನೆಯದರ ಹೆಸರೇ ‘ಮೆನ್ ಅಂಡ್ ಮ್ಯಾಜಿಕ್’. ಹೆಂಗಸರನ್ನು ಯಾರೂ ಎಲೆ ಹಾಕಿ ಕರೆದಿರಲಿಲ್ಲ, ನಿಜ. ಆದರೆ ಹೆಣ್ಣಿನ ಬಲಕ್ಕೆ ಬೇರೆ ಮಿತಿ ಅಲ್ಲಿ ಇರಲಿಲ್ಲ. 1981ರಲ್ಲಿ ಹೊಸಬರಿಗೆಂದು ಬಂದ 64 ಪುಟದ ಸರಳ ಪುಸ್ತಕದಲ್ಲೂ ಇಲ್ಲ. 1978ರಲ್ಲಿ ಒಂದು ಕೈ ಬರೆಯಿತು, 1989ರ ಎರಡನೆಯ ಆವೃತ್ತಿಯಲ್ಲಿ ಇನ್ನೊಂದು ಕೈ ಅಳಿಸಿತು. ಹನ್ನೊಂದು ವರ್ಷ ಬಾಳಿದ ಒಂದು ಸಾಲು ಇವತ್ತು ಸನಾತನದ ವೇಷ ಹಾಕಿ ಕುಳಿತಿದೆ. ನಮ್ಮ ಮನೆಗಳಲ್ಲಿ ‘ಮೊದಲಿನಿಂದಲೂ ಹೀಗೇ’ ಎಂದು ಹೇಳುವ ಎಷ್ಟು ಕಟ್ಟಳೆಗಳನ್ನು ಕೆದಕಿದರೆ ಹೀಗೆ ನಡುವೆ ಯಾರೋ ಸೇರಿಸಿದ ಸಾಲು ಸಿಕ್ಕೀತು, ಯೋಚಿಸಿ.

ಆಟದ ಆವೃತ್ತಿಗಳ ಬಗೆಗೆ ಹೇಳಲು ಹೆಂಗಸರಿಗೆ ಏನು ಅಧಿಕಾರ ಎಂದು ಕೇಳುವವರಿಗೆ ಒಂದು ಮಾತು. ಚೌಕಾಬಾರದ ಎರಡು ಆವೃತ್ತಿಗಳನ್ನು ಆಡಿ ಬಲ್ಲವರು ನಾವೇ. ತವರಿನಲ್ಲಿ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿರಲಿಲ್ಲ, ಅತ್ತೆಮನೆಯಲ್ಲಿ ಹೋಗಬಹುದಿತ್ತು. ಒಂದು ಕಡೆ ಗಟ್ಟಿ ಕಟ್ಟಿದ ಜೋಡಿಗೆ ಒಂದು ನಡೆ, ಇನ್ನೊಂದು ಕಡೆ ಇನ್ನೊಂದು. ಎರಡೂ ಮನೆಯವರು ತಮ್ಮದೇ ಶಾಸ್ತ್ರ ಎಂದರು. ಮದುವೆಯಾದ ಹುಡುಗಿ ಹೊಸ ಆವೃತ್ತಿಯನ್ನು ಒಂದೇ ದಿನದಲ್ಲಿ ಕಲಿತು, ಬಾಯಿ ಮುಚ್ಚಿಕೊಂಡು ಕವಡೆ ಹಾಕಿದಳು. ನಿಯಮ ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆಂದು ಅವಳಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಹಳೆಯ ಆವೃತ್ತಿಯ ಭಕ್ತರ ಇನ್ನೊಂದು ದೂರು, ಆಟವನ್ನು ಸುಲಭ ಮಾಡಿ ಹಾಳು ಮಾಡಿದರು ಎಂಬುದು. ಹಳೆಯ ಲೆಕ್ಕದಲ್ಲಿ ಕವಚ ಗಟ್ಟಿಯಾದಷ್ಟೂ ಅದರ ಅಂಕ ಇಳಿಯುತ್ತಿತ್ತು. ಬರಿಮೈಗೆ 10, ಉಕ್ಕಿನ ಕವಚಕ್ಕೆ ಗುರಾಣಿಯೂ ಸೇರಿದರೆ 2. ಏಟು ತಗಲಿತೆ ಎಂದು ತಿಳಿಯಲು ಪಟ್ಟಿ ನೋಡಬೇಕು, ಇಲ್ಲವೆ ಕಳೆಯುವ ಲೆಕ್ಕ ಮಾಡಬೇಕು. 2000ದ ಮೂರನೆಯ ಆವೃತ್ತಿ ಇದನ್ನು ತಿರುಗಿಸಿತು. ಕವಚ ಗಟ್ಟಿಯಾದರೆ ಅಂಕ ಹೆಚ್ಚು. ಇಪ್ಪತ್ತು ಮುಖದ ದಾಳ ಹಾಕಿ, ನಿಮ್ಮ ಅಂಕ ಕೂಡಿಸಿ, ಅಷ್ಟನ್ನು ಮುಟ್ಟಿದರೆ ಏಟು ತಗಲಿತು. ಇದರಿಂದ ಆಟದ ಯಾವ ರಸ ಸೋರಿಹೋಯಿತೋ ನಾನರಿಯೆ. ಒರಳುಕಲ್ಲಿನ ಚಟ್ನಿಗೆ ಮಿಕ್ಸಿಯ ಚಟ್ನಿ ಸಮವಲ್ಲ ಎಂದು ನಿಟ್ಟುಸಿರು ಬಿಡುವವರಲ್ಲಿ ಹೆಚ್ಚಿನವರು ಎಂದೂ ಗುಂಡು ಹಿಡಿದು ರುಬ್ಬಿದವರಲ್ಲ.

ಹಾಗೆಂದು ಹೊಸದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. 1981ರ ಸಣ್ಣ ಪುಸ್ತಕದಲ್ಲಿ ಕಾಫಿ ಆರುವುದರೊಳಗೆ ಪಾತ್ರ ಸಿದ್ಧವಾಗುತ್ತಿತ್ತು. ಮೂರನೆಯ ಆವೃತ್ತಿಯಲ್ಲಿ ಕೂಡು ಕಳೆಗಳು ಎಷ್ಟು ಬೆಳೆದವೆಂದರೆ ಒಂದು ಸಂಜೆ ಪಾತ್ರ ಕಟ್ಟುವುದಕ್ಕೇ ಹೋಗುತ್ತಿತ್ತು. 2008ರ ನಾಲ್ಕನೆಯದು ಕಾಳಗದ ಚೌಕಗಳಿಗೆ ಜೋತುಬಿದ್ದಿತೆಂದು ಅನೇಕರು ಬಿಟ್ಟುಹೋದರು. ಪುಸ್ತಕ ಮತ್ತೆ ಮತ್ತೆ ಮಾರಲೆಂದೇ ಕಂಪನಿ ನಿಯಮ ಬದಲಿಸುತ್ತದೆ ಎಂಬ ಆರೋಪದಲ್ಲೂ ಹುರುಳಿದೆ. 2000ದಲ್ಲಿ ಮೂರನೆಯದು ಬಂದು ಮೂರೇ ವರ್ಷಕ್ಕೆ ತಿದ್ದಿದ ಪುಸ್ತಕ ಬಂತು. ಕೊಂಡವರು ಮತ್ತೆ ಕೊಂಡರು. 2023ರ ಜನವರಿಯಲ್ಲಿ, ಬೇರೆಯವರು ಈ ನಿಯಮಗಳನ್ನು ಬಳಸಲು ಹಿಂದೆ ತಾನೇ ಕೊಟ್ಟಿದ್ದ ಪರವಾನಗಿಯನ್ನು ಬಿಗಿ ಮಾಡಲು ಕಂಪನಿ ಹೊರಟಾಗ ಆಡುವವರು ತಿರುಗಿಬಿದ್ದರು. ಆ ತಿಂಗಳು ಮುಗಿಯುವುದರೊಳಗೆ ಅದು ಹಿಂದೆ ಸರಿದು, ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟಿತು. ವ್ಯಾಪಾರದ ದುರಾಸೆಯನ್ನು ಹೀಗೆ ಎದುರಿಸಬೇಕು. ಅದರ ಹೆಸರು ಹೇಳಿ 1978ರ ಪಟ್ಟಿಯನ್ನು ಹಿಂಬಾಗಿಲಿನಿಂದ ಒಳಗೆ ತರಬಾರದು.

ಇಷ್ಟಕ್ಕೂ ನಿಯಮವನ್ನು ಬೇರೆ ರೀತಿ ಕಟ್ಟಬಹುದು ಎಂಬುದಕ್ಕೆ ಬೇರೆ ಆಟಗಳೇ ಸಾಕ್ಷಿ. 2010ರಲ್ಲಿ ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ ದಂಪತಿಗಳ ‘ಅಪಾಕಲಿಪ್ಸ್ ವರ್ಲ್ಡ್’ ಬಂತು. ಅಲ್ಲಿ ಎರಡು ಮಾಮೂಲು ದಾಳ ಸಾಕು. ನಿಮ್ಮ ಅಂಕವೂ ಸೇರಿ 10 ಅಥವಾ ಮೇಲಾದರೆ ಪೂರ್ತಿ ಗೆಲುವು. 7ರಿಂದ 9 ಬಂದರೆ ಕೆಲಸ ಆಗುತ್ತದೆ, ಆದರೆ ಏನಾದರೂ ಬೆಲೆ ತೆರಬೇಕು. ಮಗಳು ಇದನ್ನು ವಿವರಿಸಿದಾಗ ನಾನು, "ಇದು ನಮ್ಮ ಆಟ ಕಣೆ" ಎಂದೆ. ಕೆಲಸಕ್ಕೂ ಹೋಗಿ ಮನೆಯನ್ನೂ ನಡೆಸುವ ಹೆಂಗಸಿನ ದಾಳ ದಿನಾ ಬೀಳುವುದು ಏಳರಿಂದ ಒಂಬತ್ತರ ನಡುವೆ ತಾನೆ?

ಮೂಲ ಆಟವೂ ನಿಂತಲ್ಲಿ ನಿಂತಿಲ್ಲ. 2024ರ ಪುಸ್ತಕದಲ್ಲಿ ಪಾತ್ರದ ಹೆಚ್ಚುವರಿ ಅಂಕಗಳು ಹುಟ್ಟಿದ ಕುಲದಿಂದ ಬರುವುದಿಲ್ಲ. ಅದು ಬೆಳೆದುಬಂದ ಬದುಕಿನಿಂದ, ಕಲಿತ ಕಸುಬಿನಿಂದ ಬರುತ್ತವೆ. ಅದೇ ವರ್ಷ ಕಂಪನಿ ಹೊರತಂದ ಆಟದ ಇತಿಹಾಸದ ಗ್ರಂಥದ ಮುನ್ನುಡಿಯಲ್ಲಿ, ಆರಂಭದ ಬರಹಗಳಲ್ಲಿ ಹೆಂಗಸರ ಬಗೆಗೆ ಅಗೌರವವಿತ್ತು ಎಂದು ಒಪ್ಪಿಕೊಂಡರು. ಅಷ್ಟಕ್ಕೇ ಹಿರಿಯರಿಗೆ ಅವಮಾನವಾಯಿತೆಂದು ಕೆಲವರು ಕೂಗೆಬ್ಬಿಸಿದರು. ಹಿರಿಯರು ಕಟ್ಟಿದ ಮನೆಯಲ್ಲಿ ಬಾಳುತ್ತಲೇ ಅದರ ಬಚ್ಚಲು ಸೋರುತ್ತದೆ ಎನ್ನಬಹುದು. ಸೋರುವುದನ್ನು ಹೇಳಿದರೆ ಹಿರಿಯರ ಮಾನ ಹೋಗುವುದಿಲ್ಲ.

ನಮಗೆ ಗೊತ್ತಿರುವ ಅತಿ ದೊಡ್ಡ ಪಗಡೆಯಾಟದಲ್ಲಿ ನಿಯಮದ ಪ್ರಶ್ನೆ ಎತ್ತಿದವಳು ಒಬ್ಬ ಹೆಂಗಸು. ಮೊದಲು ತನ್ನನ್ನೇ ಸೋತವನಿಗೆ ಆಮೇಲೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂದು ದ್ರೌಪದಿ ಕೇಳಿದಾಗ, ಧರ್ಮ ಸೂಕ್ಷ್ಮವಾದದ್ದೆಂದು ಭೀಷ್ಮನಂಥವನೂ ತಡವರಿಸಿದ. ಅವಳ ಪ್ರಶ್ನೆಗೆ ಆ ಸಭೆ ನೇರ ಉತ್ತರ ಕೊಡಲಿಲ್ಲ. ಆದರೆ ಪ್ರಶ್ನೆ ಇನ್ನೂ ಉಳಿದಿದೆ, ಸಭೆಯ ಗತ್ತು ಉಳಿದಿಲ್ಲ.

ಆದ್ದರಿಂದ ಓದುಗ ಗೆಳತಿಯರೆ, ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಈ ಆಟ ಆಡುತ್ತಿದ್ದರೆ ಪಕ್ಕದಲ್ಲಿ ಕುಳಿತು ಪುಸ್ತಕ ಇಸಕೊಂಡು ನೋಡಿ. ಯಾವ ಆವೃತ್ತಿ ಹಳೆಯದು, ಯಾವುದು ಕಷ್ಟದ್ದು ಎಂಬುದನ್ನು ಹುಡುಗರು ತೂಗಿಕೊಳ್ಳಲಿ. ನೀವು ಮೂರು ಪ್ರಶ್ನೆ ಕೇಳಿ: ಈ ಸಾಲನ್ನು ಬರೆದವರು ಯಾರು, ಯಾವಾಗ ಬರೆದರು, ಇದರಿಂದ ಯಾರ ಕೈ ಕಟ್ಟಿತು? ಆ ಪುಸ್ತಕ ಮುಚ್ಚಿಟ್ಟ ಮೇಲೆ ಮನೆಯಲ್ಲಿರುವ ಬೇರೆ ಕಟ್ಟಳೆಗಳಿಗೂ ಇವೇ ಮೂರು ಪ್ರಶ್ನೆಗಳನ್ನು ಕೇಳಲು ಅಡ್ಡಿಯೇನಿಲ್ಲ.