ಕ್ಲಚ್ ಸ್ಪ್ರಿಂಗಿಗೆ ಹಗ್ಗ ಬದಲಿಯಲ್ಲ

ಹಳೆಯ ಲಾರಿಯ ಕ್ಲಚ್ ಪೆಡಲನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಕಳಚಿದಾಗ ಹಗ್ಗ ಕಟ್ಟಿ ಕಬ್ಬು ಸಾಗಿಸುವುದು ಉಳಿತಾಯವಲ್ಲ. ಪೆಡಲ್ ಪೂರ್ತಿ ಮೇಲೇಳದಿದ್ದರೆ ಬೇರಿಂಗ್ ಸದಾ ಉಜ್ಜಿ ಸವೆಯುತ್ತದೆ; ಕ್ಲಚ್ ಪ್ಲೇಟ್ ಜಾರಿ ಸುಡುತ್ತದೆ. ಕಟಾವಾದ ಕಬ್ಬನ್ನು 24 ಗಂಟೆಯೊಳಗೆ ಅರೆಯುವುದು ಉತ್ತಮ. ಲಾರಿ ದಾರಿಯಲ್ಲೇ ನಿಂತರೆ ತೂಕವೂ ಸಕ್ಕರೆಯ ಅಂಶವೂ ಇಳಿದು ನಷ್ಟ ಬೆಳೆದವನಿಗೇ.

ಆದ್ದರಿಂದ ಸ್ಪ್ರಿಂಗನ್ನು ಕೂಡಲೇ ಮತ್ತೆ ಸಿಕ್ಕಿಸಿ. ಸಮತಟ್ಟಾದ ಕಡೆ ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಒಂದು ಕೊಕ್ಕೆಯನ್ನು ಮೊದಲು ಸಿಕ್ಕಿಸಿ, ಇನ್ನೊಂದನ್ನು ಗಟ್ಟಿ ಹುರಿಯ ಕುಣಿಕೆಯಿಂದ ಎಳೆದು ಕೂಡಿಸಿ. ಸ್ಪ್ರಿಂಗ್ ಚಿಮ್ಮಿದರೆ ಕಣ್ಣಿಗೆ ಅಪಾಯ; ಕನ್ನಡಕ ಧರಿಸಿ. ಕೊಕ್ಕೆ ಸವೆದಿದ್ದರೆ ಹೊಸ ಸ್ಪ್ರಿಂಗನ್ನೇ ಹಾಕಿ. ಬಳಿಕ ಪೆಡಲಿನ ಫ್ರೀ ಪ್ಲೇ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಅಳೆದು ನೋಡಿ. ಈ ಸಣ್ಣ ಕೆಲಸವನ್ನು ಹಂಗಾಮು ಮುಗಿಯಲೆಂದು ಮುಂದೂಡಬೇಡಿ.