ಪ್ರತಿಬಿಂಬವೇ ಬೇರೆ, ಪ್ರತಿಯೇ ಬೇರೆ



‘ಎಲ್ಲವೂ ಕ್ಲೌಡ್‌ನಲ್ಲಿದೆ ಮೇಷ್ಟ್ರೇ, ಚಿಂತೆಯಿಲ್ಲ’ ಎಂಬ ಮಾತನ್ನು ಈಚೆಗೆ ನಿಮ್ಮಲ್ಲಿ ಅನೇಕರ ಬಾಯಿಂದ ಕೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರೂ ಹೇಳುತ್ತಾರೆ, ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ವ್ಯಾಪಾರ ಮಾಡುವವರೂ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅಪಾಯಕರವಾದ ನಂಬಿಕೆ. ‘ಸಿಂಕ್’ ಎಂಬುದನ್ನೂ ‘ಬ್ಯಾಕಪ್’ ಎಂಬುದನ್ನೂ ಒಂದೇ ಎಂದು ತಿಳಿದಿರುವುದೇ ಆ ಅಪಾಯದ ಮೂಲವೆಂಬುದು ನನ್ನ ಅಭಿಪ್ರಾಯ.

ಸಿಂಕ್ ಎಂಬುದು ಪ್ರತಿಬಿಂಬ. ಕನ್ನಡಿಯ ಮುಂದೆ ನಿಂತವನು ಕೈ ಎತ್ತಿದರೆ ಬಿಂಬವೂ ಎತ್ತುತ್ತದೆ. ಅವನು ಸರಿದುಹೋದರೆ ಕನ್ನಡಿ ಬರಿದಾಗುತ್ತದೆ. ಅಂತೆಯೇ ಫೋನಿನಲ್ಲಿ ಸೇರಿಸಿದ್ದು ಕ್ಲೌಡ್‌ನಲ್ಲಿಯೂ ಸೇರುತ್ತದೆ, ಇಲ್ಲಿ ತಿದ್ದಿದ್ದು ಅಲ್ಲಿಯೂ ಬದಲಾಗುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಬ್ಯಾಕಪ್ ಎಂಬುದಾದರೋ ಪ್ರತಿ. ಮೂಲಕ್ಕೆ ಏನೇ ಸಂಭವಿಸಿದರೂ ತಾನು ಪ್ರತ್ಯೇಕವಾಗಿ ನಿಲ್ಲುವುದೇ ಪ್ರತಿಯ ಧರ್ಮ.

ನಮ್ಮ ಬಂಧುಗಳ ಮನೆಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಅವರು ಹಾಡಿದ ಸೋಬಾನೆ ಪದಗಳನ್ನು ಮೊಮ್ಮಗ ವಿಡಿಯೊ ಮಾಡಿಟ್ಟಿದ್ದ. ಅಜ್ಜಿ ತೀರಿಕೊಂಡ ಕೆಲವು ತಿಂಗಳ ಮೇಲೆ ಫೋನಿನಲ್ಲಿ ಜಾಗ ಸಾಲದೆ, ‘ಹೇಗೂ ಮೇಲೆ ಇದೆಯಲ್ಲ’ ಎಂದು ಯಾರೋ ದೊಡ್ಡ ವಿಡಿಯೊಗಳನ್ನೆಲ್ಲ ಅಳಿಸಿದರು. ವರ್ಷದ ತಿಥಿಯಂದು ಎಲ್ಲರೂ ಕುಳಿತು ಕೇಳಬೇಕೆಂದಾಗ ಒಂದೂ ಸಿಗಲಿಲ್ಲ. ಅಳಿಸಿದ್ದನ್ನು ಮರಳಿ ಪಡೆಯುವ ಅವಧಿಯೂ ಮುಗಿದಿತ್ತು. ಕೊನೆಗೆ ಒಂದೇ ಒಂದು ಪದ ಉಳಿಯಿತು. ಅದು ಮೈಸೂರಿನ ಮಗಳ ಮನೆಯ ಪೆನ್‌ಡ್ರೈವ್‌ನಲ್ಲಿತ್ತು. ಯಾವುದರೊಂದಿಗೂ ಜೋಡಣೆಯಾಗದೆ ಮೂಲೆಯಲ್ಲಿ ಬಿದ್ದಿದ್ದರಿಂದಲೇ ಅದು ಉಳಿದಿತ್ತು.

ಪ್ರತ್ಯೇಕ ಪ್ರತಿಯ ಈ ವಿವೇಕ ನಮ್ಮ ಸೀಮೆಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಸಂಚಿಯ ಹೊನ್ನಮ್ಮ ನಮ್ಮ ಯಳಂದೂರಿನವಳು. ಅವಳ ‘ಹದಿಬದೆಯ ಧರ್ಮ’ದಂತಹ ಕೃತಿಗಳು ಅಚ್ಚಿನ ಯಂತ್ರ ಬರುವವರೆಗೆ ಬಾಳಿದ್ದು ಕೈಬರಹದ ಪ್ರತಿಗಳಿಂದ. ಗರಿ ಹಳತಾದಂತೆ ಇನ್ನೊಬ್ಬರು ಹೊಸದಾಗಿ ಬರೆದರು. ಒಂದು ಮನೆಯ ಕಟ್ಟು ಗೆದ್ದಲಿಗೆ ತುತ್ತಾದರೆ ಇನ್ನೊಂದು ಮನೆಯ ಕಟ್ಟು ತಾನಾಗಿ ಪುಡಿಯಾಗುತ್ತಿರಲಿಲ್ಲ. ಹನೂರಿನಾಚೆಯ ಬೆಟ್ಟದ ಮಲೆಯ ಮಾದೇಶ್ವರ ಕಾವ್ಯದ ಕಥೆಯೂ ಹಾಗೆಯೇ. ಕಂಸಾಳೆಯವರ ಕಂಠದಿಂದ ಕಂಠಕ್ಕೆ ಸಾಗಿಬಂದ ಅದನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಒಬ್ಬ ಗಾಯಕರು ಒಂದು ಸಾಲನ್ನು ಮರೆತರೆ ಉಳಿದವರ ನೆನಪಿನಿಂದ ಆ ಸಾಲು ಆ ಕ್ಷಣವೇ ಅಳಿಯುತ್ತಿರಲಿಲ್ಲ. ಸಿಂಕ್ ಮಾಡುವುದು ಅದನ್ನೇ!

ಹಾಗೆಂದು ಕ್ಲೌಡ್ ಬೇಡವೆಂದು ನಾನು ಹೇಳುವುದಿಲ್ಲ. ಫೋನು ಕಳುವಾದಾಗ, ನೀರಿಗೆ ಬಿದ್ದಾಗ ಅದೇ ನಮ್ಮನ್ನು ಕಾಯುತ್ತದೆ. ಆದರೆ ಅದು ಯಾವ ನಿಯಮದಂತೆ ನಡೆಯಬೇಕೆಂದು ನಿರ್ಧರಿಸಬೇಕಾದವರು ನಾವು. ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಅಳಿಸಿದರೆ ಎಲ್ಲೆಲ್ಲಿ ಅಳಿಯುತ್ತದೆ? ಗೂಗಲ್ ಫೋಟೋಸ್‌ನಲ್ಲಿ ಫೋನಿನ ಜಾಗವನ್ನಷ್ಟೇ ತೆರವು ಮಾಡುವುದು ಒಂದು ಆಯ್ಕೆ, ಚಿತ್ರವನ್ನು ಅಳಿಸುವುದು ಮತ್ತೊಂದು. ಮೊದಲನೆಯದರಲ್ಲಿ ಕ್ಲೌಡ್‌ನ ಪ್ರತಿ ಉಳಿಯುತ್ತದೆ. ಎರಡನೆಯದರಲ್ಲಿ ಎರಡು ಕಡೆಯೂ ಹೋಗುತ್ತದೆ.

ಎರಡನೆಯದು, ಅಳಿಸಿದ್ದು ಎಷ್ಟು ದಿನ ಮರಳಿ ಸಿಗುತ್ತದೆ? ಬ್ಯಾಕಪ್ ಆದ ಚಿತ್ರಗಳು ಅಲ್ಲಿನ ಕಸದಬುಟ್ಟಿಯಲ್ಲಿ 60 ದಿನ ಇರುತ್ತವೆ. ಗೂಗಲ್ ಡ್ರೈವ್‌ನ ಕಡತಗಳಿಗೆ 30 ದಿನ ಮಾತ್ರ. ವರ್ಷಕ್ಕೊಮ್ಮೆ ತೆರೆದು ನೋಡುವ ವಸ್ತುಗಳಿಗೆ ಈ ಅವಧಿ ಏನೇನೂ ಸಾಲದು.

ಮೂರನೆಯದು, ನಿಜವಾಗಿ ಮೇಲೆ ಹೋಗಿದೆಯೇ? ವೈಫೈ ಇದ್ದಾಗ ಮಾತ್ರ ಎಂದು ನಿಯಮವಿಟ್ಟರೆ, ವೈಫೈ ಇಲ್ಲದ ಹಳ್ಳಿಮನೆಯ ಫೋನಿನಿಂದ ಒಂದು ಚಿತ್ರವೂ ಹೋಗದು. ಕಾಡಂಚಿನ ಊರುಗಳಲ್ಲಿ ಸಿಗ್ನಲ್ಲೇ ದುರ್ಲಭ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ತುಂಬಿದರೂ ಕೆಲಸ ನಿಲ್ಲುತ್ತದೆ.

ನಾಲ್ಕನೆಯದು, ನಮ್ಮ ನಂತರ ಯಾರು? 2023ರಲ್ಲಿ ಗೂಗಲ್ ಪ್ರಕಟಿಸಿದ ನಿಯಮದಂತೆ, ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅದರೊಳಗಿನದರ ಸಮೇತ ಸಂಸ್ಥೆಯು ಅಳಿಸಬಹುದು. ತೀರಿಕೊಂಡ ತಂದೆಯ ಫೋನನ್ನು ಪೂಜ್ಯಭಾವದಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದ ಮಕ್ಕಳಿದ್ದಾರೆ. ಫೋನು ಉಳಿಯುತ್ತದೆ, ಖಾತೆ ಉಳಿಯದೇ ಹೋಗಬಹುದು. ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮೊದಲೇ ನಮೂದಿಸುವ ಏರ್ಪಾಡು ಅಲ್ಲಿಯೇ ಇದೆ. ಬದುಕಿರುವಾಗಲೇ ಅದನ್ನು ಮಾಡಿಡುವುದರಲ್ಲಿ ಅಪಶಕುನವೇನೂ ಇಲ್ಲ.

ಇಷ್ಟಾದ ಮೇಲೂ, ಯಾವುದಕ್ಕೂ ಜೋಡಣೆಯಾಗದ ಒಂದು ಪ್ರತಿ ಇರಲೇಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಗಣಕತಜ್ಞರ ಸೂತ್ರ. ಒಂದು ಹಾರ್ಡ್‌ಡಿಸ್ಕನ್ನು ಕೊಂಡು, ವರ್ಷಕ್ಕೆರಡು ಬಾರಿ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನಕಲು ಮಾಡಿ, ಕೇಬಲ್ ತೆಗೆದು ಬೇರೆ ಮನೆಯಲ್ಲಿಡಿ. ಡಿಸ್ಕೂ ಶಾಶ್ವತವಲ್ಲ, ಗರಿಯ ಹಾಗೆ ಅದನ್ನೂ ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಎತ್ತಬೇಕು.

ಹೊಲದ ಪತ್ರ, ಅಂಕಪಟ್ಟಿ ಕಳೆದರೆ ಕಚೇರಿಗಳಿಗೆ ಅಲೆದಾದರೂ ನಕಲು ಪಡೆಯಬಹುದು. ತಾಯಿಯ ದನಿಗೆ ನಕಲು ಕೊಡುವ ಕಚೇರಿ ಎಲ್ಲಿಯೂ ಇಲ್ಲ. ಈ ಸಲ ಊರಿಗೆ ಬಂದಾಗ ನಿಮ್ಮ ಹಿರಿಯರ ಫೋನನ್ನೂ ಒಮ್ಮೆ ತೆರೆದು ನೋಡಿ, ಅವರಾಗಿ ಕೇಳಲಾರರು.