ಉಸಿರಾಟದ ಯಂತ್ರವೂ ಒಣಗುವ ಬಾಯಿಯೂ

ಗೊರಕೆಯೆಂದರೆ ಗಾಢನಿದ್ರೆಯ ಗುರುತು ಎಂದು ನಂಬಿದ್ದ ಕಾಲವೊಂದಿತ್ತು. ಮನೆಯ ಯಜಮಾನರು ಜಗಲಿಯಲ್ಲಿ ಮಲಗಿ ಗೊರಕೆ ಹೊಡೆದರೆ ಮನೆಮಂದಿ ನಗುತ್ತಿದ್ದರೇ ಹೊರತು ಹೆದರುತ್ತಿರಲಿಲ್ಲ. ಈಗ ಹಾಗಲ್ಲ. ನಿದ್ರೆಯಲ್ಲಿ ಉಸಿರು 10 ಸೆಕೆಂಡು ಯಾ ಅದಕ್ಕೂ ಹೆಚ್ಚು ಹೊತ್ತು ಕಟ್ಟುವುದು, ಇಂತಹ ತಡೆಗಳು ಗಂಟೆಗೆ 5 ಮತ್ತು ಅದಕ್ಕಿಂತ ಹೆಚ್ಚು ಬಾರಿ ಬರುವುದು ಸ್ಲೀಪ್ ಅಪ್ನಿಯ ಎಂಬ ಕಾಯಿಲೆಯ ಲಕ್ಷಣವೆಂದು ವೈದ್ಯರು ಹೇಳುತ್ತಾರೆ. ಗಂಟೆಗೆ 30 ಮುಟ್ಟಿದರೆ ಅದು ತೀವ್ರ ಸ್ವರೂಪದ್ದು. ಮಂಗಳೂರಿನ ಆಸ್ಪತ್ರೆಗಳಲ್ಲಿ ನಿದ್ರಾಪರೀಕ್ಷೆ ಮಾಡಿಸಿಕೊಂಡು, ಸಿಪ್ಯಾಪ್ ಎಂಬ ಯಂತ್ರವನ್ನು ಮನೆಗೆ ತಂದವರು ನಮ್ಮ ಊರುಗಳಲ್ಲಿಯೂ ಇದ್ದಾರೆ.

ಆದರೆ ತಂದ ಯಂತ್ರವನ್ನು ಬಳಸುವವರೆಷ್ಟು ಮಂದಿ? ನಮ್ಮ ಪರಿಚಯದ ಹಿರಿಯರಲ್ಲೇ ಕೆಲವರ ಯಂತ್ರ ಎರಡು ವಾರ ಓಡಿ, ಬಳಿಕ ಕಪಾಟು ಸೇರಿದೆ. ಕಾರಣ ಕೇಳಿದರೆ ಹೆಚ್ಚಿನವರದು ಒಂದೇ ಮಾತು: "ಬಾಯಿ ಒಣಗಿ ಕಟ್ಟಿಗೆಯಾಗುತ್ತದೆ ಮಾಷ್ಟ್ರೇ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ." ಈ ಕಷ್ಟ ಸುಳ್ಳಲ್ಲ. ಬೆಳಗ್ಗಿನ ಮೊದಲ ಪಿರಿಯಡಿನಲ್ಲಿ ಸ್ವರ ಹೊರಡದೆ ಹೋದರೆ ಎಷ್ಟು ಸಂಕಟವೆಂಬುದು ನಮ್ಮಂತಹ ಅಧ್ಯಾಪಕರಿಗೆ ಗೊತ್ತು. ಆದರೆ ಬಾಯಿ ಒಣಗುವುದು ಯಂತ್ರವನ್ನು ಬಿಡುವುದಕ್ಕೆ ಕಾರಣವಾಗಬಾರದು, ಯಂತ್ರವನ್ನು ಸರಿಪಡಿಸಿಕೊಳ್ಳುವುದಕ್ಕೆ ಕಾರಣವಾಗಬೇಕು ಎಂಬುದು ನಮ್ಮ ಅಭಿಪ್ರಾಯ. ಚಿಕಿತ್ಸೆಯಿಲ್ಲದ ಈ ಕಾಯಿಲೆ ರಕ್ತದೊತ್ತಡವನ್ನು ಏರಿಸುತ್ತದೆ, ಹಗಲಿನಲ್ಲಿ ತೂಕಡಿಕೆ ತರುತ್ತದೆ. ವಾಹನ ಓಡಿಸುವವನಿಗೆ ಈ ತೂಕಡಿಕೆ ಪ್ರಾಣಾಂತಿಕವಾದೀತು.

ಯಂತ್ರದ ಕೆಲಸ ಸರಳವಾದುದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರೂ ಅವರ ಸಂಗಡಿಗರೂ ಈ ವಿಧಾನವನ್ನು 1981ರಲ್ಲಿ ಪ್ರಕಟಿಸಿದರು. ನಿದ್ರೆಯಲ್ಲಿ ಸಡಿಲಗೊಂಡು ಮುಚ್ಚಿಕೊಳ್ಳುವ ಗಂಟಲಿನ ದಾರಿಯನ್ನು, ಮೂಗಿನ ಮೂಲಕ ಒತ್ತಡದಿಂದ ಕಳುಹಿಸಿದ ಗಾಳಿ ತೆರೆದು ಹಿಡಿಯುತ್ತದೆ. ಹಾಗಿದ್ದರೆ ಬಾಯಿ ಏಕೆ ಒಣಗಬೇಕು? ಮೂಗಿನ ಮಾಸ್ಕ್ ಹಾಕಿಕೊಂಡವನ ಬಾಯಿ ನಿದ್ರೆಯಲ್ಲಿ ತೆರೆದುಕೊಂಡರೆ, ಮೂಗಿನಿಂದ ಹೊಕ್ಕ ಗಾಳಿ ಬಾಯಿಯಿಂದ ಹೊರಗೆ ಸೋರುತ್ತದೆ. ರಾತ್ರಿಯಿಡೀ ಹೀಗೆ ಗಾಳಿ ಬೀಸಿದರೆ ಬಾಯಿಯ ಪಸೆ ಆರದೆ ಇದ್ದೀತೇ? ಅದೂ ಅಲ್ಲದೆ ನಿದ್ರೆಯಲ್ಲಿ ಜೊಲ್ಲು ಸ್ರವಿಸುವುದೇ ಕಡಿಮೆ. ಈ ಸೋರಿಕೆಯಿಂದ ಮೂಗಿನ ಒಳಪೊರೆಯೂ ಒಣಗಿ ಊದಿಕೊಳ್ಳುತ್ತದೆ. ಮೂಗು ಕಟ್ಟಿದಂತೆ ಬಾಯಿ ಮತ್ತಷ್ಟು ತೆರೆಯುತ್ತದೆ. ಇದೊಂದು ವಿಷಚಕ್ರ. ಮಲಗುವ ಮುನ್ನ ಚೆಂಬು ತುಂಬ ನೀರು ಕುಡಿದರೆ ಈ ಚಕ್ರ ಮುರಿಯದು. ಮೂತ್ರಕ್ಕೆ ಏಳುವುದು ಹೆಚ್ಚಾದೀತು, ಅಷ್ಟೆ.

ಚಕ್ರವನ್ನು ಮುರಿಯುವ ಮೊದಲ ಸಾಧನ ಹ್ಯುಮಿಡಿಫೈಯರ್, ಎಂದರೆ ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ. ನೀರನ್ನು ಬಿಸಿಮಾಡಿ ತೇವ ಕೊಡುವ ತೊಟ್ಟಿಯಿಂದ ಹೆಚ್ಚು ಪ್ರಯೋಜನ. ಕೆಲವು ಯಂತ್ರಗಳಲ್ಲಿ ಇದು ಕೂಡಿಕೊಂಡೇ ಬರುತ್ತದೆ, ಕೆಲವಕ್ಕೆ ಬೇರೆ ಕೊಳ್ಳಬೇಕು. ತೊಟ್ಟಿ ಇದ್ದೂ ಅದಕ್ಕೆ ನೀರು ಹಾಕದವರಿದ್ದಾರೆ. ಹಾಕಿದರೂ ತೇವದ ಮಟ್ಟವನ್ನು ಏರಿಸಲು ತಿಳಿಯದವರಿದ್ದಾರೆ. ತೇವ ಹೆಚ್ಚಾಗಿ ಕೊಳವೆಯೊಳಗೆ ನೀರು ಕಟ್ಟಿ ಗುಳುಗುಳು ಸದ್ದಾದರೆ ಮಟ್ಟವನ್ನು ತುಸು ಇಳಿಸಬೇಕು, ಯಾ ಕೊಳವೆಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಬೇಕು. ಫ್ಯಾನಿನ ಗಾಳಿ ಕೊಳವೆಗೆ ನೇರ ಬಡಿಯದಿದ್ದರೆ ಒಳ್ಳೆಯದು.

ನೀರಿನ ವಿಷಯದಲ್ಲಿ ಒಂದು ಮಾತು. ನಮ್ಮ ಬಾವಿಯ, ಸುರಂಗದ ನೀರು ಕುಡಿಯಲು ಎಷ್ಟು ಸವಿಯಾದರೂ ಈ ತೊಟ್ಟಿಗೆ ಅದು ಸಲ್ಲದು. ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಕುದಿಸಿದ ನೀರಿನಲ್ಲಿ ಕ್ರಿಮಿಗಳು ಸಾಯುತ್ತವೆ, ಲವಣಗಳು ಉಳಿದು ತೊಟ್ಟಿಯ ತಳದಲ್ಲಿ ಬಿಳಿಯಾಗಿ ಕಟ್ಟುತ್ತವೆ. ನಿನ್ನೆಯ ನೀರನ್ನು ಇಂದು ಬಳಸದೆ ಪ್ರತಿದಿನ ಚೆಲ್ಲಿ, ತೊಟ್ಟಿಯನ್ನು ತೊಳೆದು ಒಣಗಿಸಬೇಕು.

ಎರಡನೆಯದು ಮಾಸ್ಕ್. ತೇವ ಕೊಟ್ಟ ಮೇಲೂ ಬಾಯಿ ಒಣಗಿದರೆ ಗಾಳಿ ಎಲ್ಲಿ ಸೋರುತ್ತದೆಂದು ನೋಡಬೇಕು. ಇದನ್ನು ಮಲಗಿದವನಿಗಿಂತ ಪಕ್ಕದಲ್ಲಿರುವವರು ಚೆನ್ನಾಗಿ ಕಂಡಾರು. ಈಗಿನ ಹಲವು ಯಂತ್ರಗಳು ಸೋರಿಕೆಯ ಲೆಕ್ಕವನ್ನು ತಾವೇ ಬರೆದಿಡುತ್ತವೆ. ತಪಾಸಣೆಗೆ ಹೋಗುವಾಗ ಯಂತ್ರವನ್ನೇ ಕೊಂಡುಹೋಗಿ ತೋರಿಸಬಹುದು. ಬಾಯಿ ತೆರೆಯುವವರಿಗೆ ಗಲ್ಲದ ಪಟ್ಟಿಯುಂಟು. ಮೂಗು, ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಕೂಡ ಉಂಟು. ಕಟ್ಟುಹಲ್ಲಿನವರು ಹಗಲು ಹಲ್ಲು ಹಾಕಿಕೊಂಡು ಮಾಸ್ಕಿನ ಅಳತೆ ನೋಡಿ, ರಾತ್ರಿ ಹಲ್ಲು ತೆಗೆದಿಟ್ಟು ಮಲಗಿದರೆ ಮುಖದ ಆಕಾರ ಬದಲಾಗಿ ಗಾಳಿ ಸೋರುವುದು ಸಹಜ.

ಮೂರನೆಯದು ಮೂಗು. ನೆಗಡಿ, ಅಲರ್ಜಿ, ಮೂಗಿನ ನಡುಗೋಡೆಯ ಸೊಟ್ಟ ಇವುಗಳಿಂದ ಮೂಗು ಕಟ್ಟಿದವನು ಬಾಯಿಯಲ್ಲಲ್ಲದೆ ಬೇರೆಲ್ಲಿ ಉಸಿರಾಡಬೇಕು? ಮೂಗಿನ ವೈದ್ಯರನ್ನು ಕಾಣುವುದೇ ಇದಕ್ಕೆ ದಾರಿ. ಮೂಗು ಬಿಡಿಸುವ ಹನಿಮದ್ದನ್ನು ವಾರಗಟ್ಟಲೆ ಹಾಕಿಕೊಂಡರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ.

ಇನ್ನು ಎಲ್ಲ ದೋಷವನ್ನೂ ಯಂತ್ರದ ತಲೆಗೆ ಕಟ್ಟುವುದೂ ಸರಿಯಲ್ಲ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಬಾಯಿ ಒಣಗುತ್ತದೆ. ಅಲರ್ಜಿಯ ಗುಳಿಗೆ, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಗುಳಿಗೆ, ಮನಸ್ಸಿನ ಕಾಯಿಲೆಯ ಕೆಲವು ಮದ್ದುಗಳು ಬಾಯಿಯ ಪಸೆಯನ್ನು ಆರಿಸುತ್ತವೆ. ಹಾಗೆಂದು ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಲ್ಲಿ ಹೇಳಬೇಕು. ರಾತ್ರಿ ಊಟವಾದ ಮೇಲೆ ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿದು ಮಲಗುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಜೊಲ್ಲು ಹಲ್ಲಿನ ಕಾವಲುಗಾರ. ಅದು ಇಲ್ಲದ ಬಾಯಿಯಲ್ಲಿ ಹುಳುಕು ಬೇಗ ಹತ್ತುತ್ತದೆ. ಆದುದರಿಂದ ಈ ಯಂತ್ರ ಬಳಸುವವರು ಮಲಗುವ ಮುನ್ನ ಹಲ್ಲುಜ್ಜುವುದನ್ನು ತಪ್ಪಿಸಬಾರದು.

ಮಾಡಬಾರದ ಕೆಲಸಗಳೂ ಇವೆ. ಬಾಯಿಗೆ ಟೇಪು ಅಂಟಿಸಿ ಮಲಗುವ ಹೊಸ ಉಪಾಯವೊಂದು ಬಾಯಿಂದ ಬಾಯಿಗೆ ಹರಡುತ್ತಿದೆ. ಮೂಗು ಕಟ್ಟಿದರೆ, ವಾಂತಿ ಬಂದರೆ ಗತಿಯೇನು? ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಯಂತ್ರದ ಒತ್ತಡವನ್ನು ಅಂದಾಜಿನಿಂದ ಬದಲಿಸುವುದೂ ಸಲ್ಲದು.

ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇನ್ನೊಂದು ತೊಡಕುಂಟು. ನೀರು ಬಿಸಿಮಾಡುವ ತೊಟ್ಟಿ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಬ್ಯಾಟರಿಯಲ್ಲಿ ಯಂತ್ರ ಓಡಿಸುವ ರಾತ್ರಿ ತೊಟ್ಟಿಯ ಬಿಸಿಯನ್ನು ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬಂದೀತು. ಆ ಒಂದು ರಾತ್ರಿ ಬಾಯಿ ತುಸು ಒಣಗಿದರೂ ಉಸಿರು ಕಟ್ಟದಿರುವುದು ಮುಖ್ಯ.

ಇವೆಲ್ಲ ದೊಡ್ಡ ವಿದ್ಯೆಯೇನೂ ಅಲ್ಲ. ಯಂತ್ರ ಮಾರುವಾಗ ಅರ್ಧ ಗಂಟೆ ಕುಳಿತು ಹೇಳಿದರೆ ಮುಗಿಯುವ ಸಂಗತಿ. ಆದರೆ ನಡೆಯುತ್ತಿರುವುದೇನು? ಇಂಗ್ಲಿಷಿನ ದಪ್ಪ ಕೈಪಿಡಿಯೊಂದನ್ನು ಕೊಟ್ಟು, ಅವಸರದಲ್ಲಿ ನಾಲ್ಕು ಮಾತು ಆಡಿ ಕಳುಹಿಸುತ್ತಾರೆ. ಮಲೆಯಾಳ ಬಲ್ಲ ಹುಡುಗರಿಗೆ ಅದರ ಅರ್ಥವಾದೀತು. ಕನ್ನಡವನ್ನಷ್ಟೇ ಓದಬಲ್ಲ ಎಪ್ಪತ್ತರ ಅಜ್ಜಿ ಯಾವ ಗುಂಡಿ ಒತ್ತಬೇಕು? ಬಾಯಿ ಒಣಗಿತೆಂದು ಯಾರಲ್ಲಿ ಹೇಳಬೇಕು? ಹೇಳಲಾಗದ ಕಷ್ಟದಿಂದಲೇ ಯಂತ್ರ ಕಪಾಟು ಸೇರುತ್ತದೆ.

ಆದುದರಿಂದ ನಾವು ಕೇಳುವುದು ಎರಡೇ. ಯಂತ್ರ ಕೊಟ್ಟ ಮೊದಲ ತಿಂಗಳಿನಲ್ಲಿ ಒಮ್ಮೆಯಾದರೂ ರೋಗಿಯನ್ನು ಕರೆಸಿ, ಮಾಸ್ಕ್, ಸೋರಿಕೆ, ತೇವ ಈ ಮೂರನ್ನು ಪರೀಕ್ಷಿಸಬೇಕು. ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು. 1969ರ ಕೇರಳ ರಾಜಭಾಷಾ ಕಾನೂನು ಇಲ್ಲಿಯ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಆರೋಗ್ಯ ಇಲಾಖೆಗೆ ಇದನ್ನು ಕನ್ನಡದಲ್ಲಿ ಬರೆದು ಕೇಳಬಹುದು. ಅಂಗಡಿಯವರಿಗೆ ಆ ಕಾನೂನು ತಗಲದಿದ್ದರೂ, ಹಣ ಕೊಡುವ ಗಿರಾಕಿ ಕೇಳಿದರೆ ಅವರು ಇಲ್ಲವೆನ್ನಲಾರರು. ಅದು ಆಗುವ ತನಕ, ಮನೆಯಲ್ಲಿ ಓದುವ ಮಕ್ಕಳು ಕೈಪಿಡಿಯನ್ನು ಬಿಡಿಸಿ, ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು ಒಮ್ಮೆ ಓದಿ ಹೇಳಲಿ. ಕಪಾಟು ಸೇರಿದ ಯಂತ್ರಗಳಲ್ಲಿ ಕೆಲವಾದರೂ ಮತ್ತೆ ಹಾಸಿಗೆಯ ಬದಿಗೆ ಬಂದಾವು.